ಮೇಜನ್ನು ಗೋಡೆಗೆ ತಾಗಿಸಿದವಳಿಗೆ

ಪ್ರೀತಿಯ ಅಕ್ಕಾ,

ನಿನ್ನ ಸಾವು ಬಹಳ ಚೆನ್ನಾಗಿದೆಯಂತೆ. ಹೀಗೆ ಹೇಳಿದವಳು ಇಲ್ಲೇ ಬಹ್ರೇನಿನ ಹೂರಾದಲ್ಲಿ ಶವರ್ಮಾ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು ಇಟ್ಟುಕೊಂಡು, ನಮ್ಮಂಥವರ ಮಕ್ಕಳಿಗೆ ಅಮೆರಿಕದ ಕಾಲೇಜುಗಳಲ್ಲಿ ಸೀಟು ಮಾಡಿಸಿಕೊಡುವ ಒಬ್ಬ ಕನ್ಸಲ್ಟೆಂಟ್. 'ತುಂಬಾ ಸ್ಟ್ರಾಂಗ್ ಮೆಟೀರಿಯಲ್ ಸರ್' ಎಂದಳು. ನಾನು ಅವಳ ಎದುರು ಕೂತು, ಅವಳು ತರಿಸಿಕೊಟ್ಟ ಕರಕ್ ಚಹಾ ಕುಡಿಯುತ್ತಿದ್ದೆ. ಬಾಯಲ್ಲಿದ್ದ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ನೀನು ಹೋಗಿ ಒಂದು ವರ್ಷ ದಾಟಿತು. ಈವರೆಗೆ ನಿನಗೆ ಪತ್ರ ಬರೆಯಬೇಕೆಂದು ನನಗೆ ತೋಚಿರಲಿಲ್ಲ. ಸತ್ತವರ ಹತ್ತಿರ ಮಾತಾಡುವ ಪೈಕಿಯವನಲ್ಲ ನಾನು, ನಿನಗೆ ಗೊತ್ತು. ಆದರೆ ಈ ಸಿಟ್ಟನ್ನು ಇನ್ನು ಯಾರ ಹತ್ತಿರ ಹೇಳಲಿ? ಹೆಂಡತಿಯಲ್ಲವಾ ಎಂದು ಶೈಲನ ಹತ್ತಿರ ಹೇಳಿದರೆ, ಬಿಪಿ ಮಾತ್ರೆ ತಗೊಂಡ್ರಾ ಎಂದು ಕೇಳುತ್ತಾಳೆ.

ಇವತ್ತು ಶುಕ್ರವಾರ, ರಜೆ. ಟುಬ್ಲಿಯ ನನ್ನ ವರ್ಕ್‌ಶಾಪಿನ ಶಟರ್ ಅರ್ಧ ಎಳೆದು, ಒಳಗೆ ನಿನ್ನ ಟ್ಯೂಷನ್ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಉಮ್ ಅಲ್ ಹಸ್ಸಮ್‌ನ ನಿನ್ನ ಫ್ಲಾಟು ಖಾಲಿ ಮಾಡುವಾಗ ಉಳಿದ ಸಾಮಾನೆಲ್ಲ ಯಾರ್ಯಾರೋ ಒಯ್ದರು. ಇದನ್ನು ಮಾತ್ರ ಕಿಟಕಿ ಸಾಗಿಸುವ ನಮ್ಮ ಪಿಕಪ್ಪಿಗೆ ಹಾಕಿಸಿ ಇಲ್ಲಿಗೆ ತಂದೆ. ನಿನ್ನ ಮನೆಯಲ್ಲಿದ್ದ ಹಾಗೆಯೇ ಉದ್ದದ ಬದಿಯನ್ನು ಗೋಡೆಗೆ ತಾಗಿಸಿ ಇಟ್ಟಿದ್ದೇನೆ. ಅಲ್ಯೂಮಿನಿಯಂ ಬಾಗಿಲಿನ ಅಳತೆ ಮಾತಾಡಲು ಬಂದ ಗಿರಾಕಿಗಳು ಎದುರು ಕೂರಲು ಜಾಗ ಹುಡುಕುತ್ತಾರೆ, ಸಿಗದೆ ನನ್ನ ಪಕ್ಕಕ್ಕೇ ಕುರ್ಚಿ ಎಳೆದುಕೊಳ್ಳುತ್ತಾರೆ. ಬಹ್ರೇನಿ ಅಜ್ಜ ಒಬ್ಬರು, ಇದೆಂಥ ಆಫೀಸು, ಬಸ್ಸಿನಲ್ಲಿ ಕೂತ ಹಾಗಾಯಿತು ಎಂದು ನಕ್ಕರು.

ಎದುರು ಕೂರದೆ ಪಕ್ಕ ಕೂರುವ ಈ ಅಭ್ಯಾಸ ನಿನಗೆ ಎಲ್ಲಿಂದ ಬಂತೆಂದು ನೀನು ಮೊದಲು ಹೇಳಿದ್ದು, ಅಮೆರಿಕದಿಂದ ರಜೆಗೆ ಬಂದಾಗ, ಉಡುಪಿಯ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ. ನಾನಾಗ ಹೈಸ್ಕೂಲು. ಪ್ರೊಫೆಸರು ಬೋರ್ಡಿನ ಮೇಲೆ ಮಾಡಿದ ಒಂದು ಲೆಕ್ಕ ತಪ್ಪೆಂದು ನಿನಗೆ ಅನ್ನಿಸಿತ್ತು. ಕಾಗದ ಹಿಡಿದು ನೀನು ಅವರ ಕೋಣೆಗೆ ಹೋದೆ. ನಮ್ಮೂರಿನ ಕಾಲೇಜಿನಲ್ಲಿ ಅಂಥದ್ದೇ ಪ್ರಶ್ನೆ ಕೇಳಿದ್ದಕ್ಕೆ ಮೇಷ್ಟ್ರು ನಿನ್ನನ್ನು ವಾರವಿಡೀ ಕ್ಲಾಸಿನ ಹೊರಗೆ ನಿಲ್ಲಿಸಿದ್ದರಲ್ಲ? ಈ ಪ್ರೊಫೆಸರೋ ಎದ್ದು, ತನ್ನ ಕುರ್ಚಿಯನ್ನು ಎಳೆದುಕೊಂಡು ಮೇಜಿನ ಸುತ್ತ ಬಂದು ನಿನ್ನ ಪಕ್ಕ ಕೂತರಂತೆ. ಇಬ್ಬರೂ ಒಂದೇ ಕಾಗದ ನೋಡಿದಿರಂತೆ. ಕೊನೆಗೆ ತಪ್ಪು ನಿನ್ನದೇ ಆಗಿತ್ತು. ಆದರೂ ಅವರು 'ನಾಳೆಯೂ ಬಾ' ಎಂದರು. ನಾನು ಅಮೆರಿಕದಲ್ಲಿ ಕಲಿತದ್ದು ಇಷ್ಟೇ ಮಾರಾಯ, ಉಳಿದದ್ದೆಲ್ಲ ಪುಸ್ತಕದಲ್ಲೇ ಉಂಟು, ಎಂದು ನೀನು ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ.

ಆ ಕಾಲೇಜನ್ನು ನೀನು ವರ್ಣಿಸುತ್ತಿದ್ದ ರೀತಿಯೂ ನೆನಪಿದೆ. ಸುತ್ತ ಜೋಳದ ಹೊಲ, ನಡುವೆ ಇಟ್ಟಿಗೆಯ ಕಟ್ಟಡ. ರೈತರ ತೆರಿಗೆಯಿಂದ ನಡೆಯುವ ಸರಕಾರಿ ಯೂನಿವರ್ಸಿಟಿ. ನಿನ್ನ ಲ್ಯಾಬಿನಲ್ಲಿ ಪಾಠ ಹೇಳಿಸಿಕೊಳ್ಳುವ ಹುಡುಗಿಯ ಅಪ್ಪ ಅದೇ ಊರಿನ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಿದ್ದ. ಚಳಿಗಾಲದಲ್ಲಿ ಊರಿನ ಮುದುಕರು ಕೆಸರು ಬೂಟು ಹಾಕಿಕೊಂಡೇ ಲೈಬ್ರರಿಗೆ ಬಂದು ಪೇಪರ್ ಓದುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ. ಅಮೆರಿಕ ಸ್ವರ್ಗ ಎಂದು ನೀನು ಒಂದು ದಿನವೂ ಹೇಳಿದವಳಲ್ಲ. ನಿನ್ನ ಬಣ್ಣ ನೋಡಿ ಕೋಣೆ ಕೊಡದೆ ಬಾಗಿಲು ಹಾಕಿದ ಹೆಂಗಸಿನ ಕತೆಯನ್ನೂ ಅಷ್ಟೇ ಸಲೀಸಾಗಿ ಹೇಳುತ್ತಿದ್ದೆ. ಆದರೆ ಒಂದು ಊರು ತನ್ನ ಮಕ್ಕಳಿಗೆಂದು ಕಟ್ಟಿಕೊಂಡ ಜಾಗದಲ್ಲಿ ಎಲ್ಲಿಂದಲೋ ಬಂದ ನಿನಗೂ ಒಂದು ಕುರ್ಚಿ ಹಾಕಿತು, ಅದನ್ನು ನೀನು ಮರೆಯಲಿಲ್ಲ. ಓದು ಮುಗಿಸಿ ಇಲ್ಲಿಗೆ ಬಂದು ಟ್ಯೂಷನ್ ಶುರು ಮಾಡಿದ ಮೇಲೆ ನಾವೂ ಮರೆಯದ ಹಾಗೆ ಮಾಡಿದೆ. ಮಗಳು ಅನಘಾ ಚಿಕ್ಕವಳಿರುವಾಗಲೇ ನಿನ್ನ ಪಕ್ಕ ಕೂತು ಮಗ್ಗಿ ಕಲಿಯುತ್ತ, ಅತ್ತೆಯ ಕಾಲೇಜಿಗೆ ಹೋಗುತ್ತೇನೆ ಎನ್ನುತ್ತಿದ್ದದ್ದು ಹಾಗೇ ಅಲ್ಲವಾ?

ಅವಳು ಹನ್ನೆರಡನೆಯ ಕ್ಲಾಸಿಗೆ ಬಂದಾಗ ಶೈಲ ಅವಳನ್ನು ಹೂರಾದ ಆಫೀಸಿಗೆ ಕರೆದುಕೊಂಡು ಹೋದಳು. ಇಲ್ಲಿ ಎಲ್ಲರೂ ಹೋಗುತ್ತಾರೆ, ನಾವು ಹೋಗದೆ ಇದ್ದರೆ ಮಗಳ ಮೇಲೆ ಆಸೆಯಿಲ್ಲ ಎಂದಾಗುತ್ತದೆ. ಮಾರ್ಕು ನೋಡಿದ ಕನ್ಸಲ್ಟೆಂಟ್, ಇದೆಲ್ಲ ಸರಿ, ಕಷ್ಟ ಏನಾದರೂ ಪಟ್ಟಿದ್ದಾಳಾ ಎಂದು ಕೇಳಿದಳಂತೆ. ಈಗ ಅಲ್ಲಿನ ಕಾಲೇಜುಗಳಿಗೆ ಅರ್ಜಿಯ ಜೊತೆ ಒಂದು ಪ್ರಬಂಧ ಬರೆಯಬೇಕು, ನೀನು ಯಾರು, ನಿನ್ನನ್ನು ಬದಲಿಸಿದ್ದು ಯಾವುದು ಎಂದು. ಕಷ್ಟ ದಾಟಿ ಬಂದ ಮಕ್ಕಳೆಂದರೆ ಅವರಿಗೆ ಇಷ್ಟವಂತೆ. ಪಾಪ ನಮ್ಮ ಅನಘಾ, ಎಸಿಯಲ್ಲಿ ಹುಟ್ಟಿ ಎಸಿಯಲ್ಲಿ ಬೆಳೆದವಳು. ಅವಳು ಪಟ್ಟ ದೊಡ್ಡ ಕಷ್ಟವೆಂದರೆ ನಿನ್ನ ಹಾಗಲಕಾಯಿ ಗೊಜ್ಜು. ಕಷ್ಟವಿಲ್ಲದ ಮಕ್ಕಳಿಗೆ ಇನ್ನೊಬ್ಬರ ಕಷ್ಟವನ್ನಾದರೂ ತೋರಿಸಿಕೊಂಡು ಬರಬೇಕು ಎಂದು ಆಫೀಸಿನವರೇ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಸಮಾಜಸೇವೆ ಎಂದು ಅದಕ್ಕೆ ಹೆಸರು.

ಒಂದು ಶನಿವಾರ ಬೆಳಿಗ್ಗೆ ನಾನು ವರ್ಕ್‌ಶಾಪಿನಲ್ಲಿದ್ದಾಗ ಎರಡು ವ್ಯಾನು ಬಂದು ನಿಂತವು. ಒಂದೇ ಬಣ್ಣದ ಟೀಶರ್ಟು ಹಾಕಿದ ಮಕ್ಕಳು ಇಳಿದರು. ಕೈಯಲ್ಲಿ ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ. ಟುಬ್ಲಿಯ ಗ್ಯಾರೇಜು, ವರ್ಕ್‌ಶಾಪುಗಳ ಕೆಲಸಗಾರರಿಗೆ ಹಂಚಿ ಫೋಟೊ ತೆಗೆಸಿಕೊಳ್ಳುವುದು ಕಾರ್ಯಕ್ರಮ. ಆ ಸಾಲಿನಲ್ಲಿ ನಮ್ಮ ಅನಘಾ. ಮುಖ ಕೆಂಪಾಗಿತ್ತು, ಬಿಸಿಲಿಗೋ ಬೇರೆಯದಕ್ಕೋ. ಅವಳ ಪಾಲಿಗೆ ಬಂದದ್ದು ನಮ್ಮ ಸಲೀಮ್. ನಿನಗೆ ಗೊತ್ತಿರುವ ಸಲೀಮೇ, ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗಾಜಿನ ಶೀಟು ಎಣಿಸುತ್ತಿದ್ದವನು, ಪ್ರತಿ ಈದಿಗೆ ಇವಳಿಗೆ ಸೇವಿಯಾ ಪಾಯಸ ತಂದು ಕೊಡುವವನು. ಅವನಿಗೆ ಇವಳು ದಾನ ಮಾಡಬೇಕು, ಅವನು ಕೃತಜ್ಞತೆಯಿಂದ ನೋಡಬೇಕು. ಮೊದಲ ಫೋಟೊದಲ್ಲಿ ಅವನು ನಕ್ಕುಬಿಟ್ಟ. ನಗಬೇಡಿ ಭಾಯಿ ಎಂದು ಫೋಟೊದವನು ಮತ್ತೆ ನಿಲ್ಲಿಸಿದ. ಮತ್ತೂ ಒಂದು ಸಲ ನಿಲ್ಲಿಸಿದ. ಆಗ ಸಲೀಮ್ ನನ್ನ ಕಡೆ ತಿರುಗಿ ಗಂಭೀರವಾಗಿಯೇ ಕೇಳಿದ, "ಸೇಠ್, ಬಿಸ್ಕತ್ ಲೇನಾ ಹೈ, ಯಾ ಸಿರ್ಫ್ ಪಕಡ್ನಾ ಹೈ?" ತೆಗೆದುಕೊಳ್ಳಬೇಕೋ, ಬರೀ ಹಿಡಿದುಕೊಂಡರೆ ಸಾಕೋ. ಇದಕ್ಕೆ ಉತ್ತರ ನಿನಗಾದರೂ ಗೊತ್ತಿರುತ್ತಿತ್ತಾ?

ಇಷ್ಟು ದೊಡ್ಡ ಯೂನಿವರ್ಸಿಟಿಗಳನ್ನು ನಡೆಸುವವರಿಗೆ ಇದು ತಿಳಿಯುವುದಿಲ್ಲವೇ ಅಕ್ಕ? ಬಡವರ ಮಕ್ಕಳಿಗೆ ಬಾಗಿಲು ತೆರೆಯಲಿ ಎಂದೇ ಈ ಪ್ರಬಂಧ ಬಂತಂತೆ, ಮಾರ್ಕು ಒಂದೇ ನೋಡಬಾರದು ಎಂದು. ಒಳ್ಳೆಯ ಮನಸ್ಸಿನಿಂದಲೇ ಇರಬಹುದು. ಆದರೆ ನಿಜವಾಗಿ ಕಷ್ಟಪಟ್ಟವನಿಗೆ ಅದನ್ನು ಇಂಗ್ಲಿಷಿನಲ್ಲಿ ಚಂದ ಮಾಡಿ ಬರೆದುಕೊಡುವ ಆಫೀಸಿಗೆ ಹೋಗಲು ದುಡ್ಡೆಲ್ಲಿಂದ ಬರುತ್ತದೆ? ಸಲೀಮನ ಮಗನೂ ಊರಿನಲ್ಲಿ ಹನ್ನೆರಡನೆಯ ಕ್ಲಾಸು. ಅಪ್ಪ ಬಿಸಿಲಿನಲ್ಲಿ ಬಿಸ್ಕತ್ತು ಹಿಡಿದು ನಿಂತದ್ದನ್ನು ಅವನು ಬರೆದರೆ ಅದು ಕಷ್ಟ. ಅದನ್ನೇ ನನ್ನ ಮಗಳು ಬರೆದರೆ ಸೀಟು.

ಹೂರಾದ ಆಫೀಸಿಗೆ ನಾನು ಹೋದದ್ದು ಅದೊಂದೇ ಸಲ, ಪ್ರಬಂಧ ಪಕ್ಕಾ ಮಾಡಲು ಅಪ್ಪ ಅಮ್ಮ ಇಬ್ಬರೂ ಬರಬೇಕು ಎಂದಾಗ. ಮೆಟ್ಟಿಲು ಹತ್ತುವಾಗಲೇ ಶೈಲ, "ನೀವು ಅಲ್ಲಿ ಜೋರು ಮಾಡ್ಲಿಕ್ಕಿಲ್ಲ ಆಯ್ತಾ, ಅವರು ಹೇಳಿದ್ದು ಕೇಳಿ ಬರುವ" ಎಂದಿದ್ದಳು. ಬಿಸ್ಕತ್ತಿನ ವಿಷಯ ಎಲ್ಲರೂ ಬರೆಯುತ್ತಾರೆ, ಅದು ಹಳೆಯದಾಯಿತು ಎಂದು ಕನ್ಸಲ್ಟೆಂಟ್ ಶುರು ಮಾಡಿದಳು. ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡಿದ್ದಾರಾ ಎಂದು ಶೈಲನನ್ನು ಮೊದಲೇ ಕೇಳಿದ್ದಳಂತೆ. ಇವಳು ನಿನ್ನ ಹೆಸರು ಹೇಳಿದ್ದಾಳೆ. ಅಮೆರಿಕದಲ್ಲಿ ಓದಿದ ಅತ್ತೆ, ಕ್ಯಾನ್ಸರು, ಒಬ್ಬಳೇ ಸೋದರಸೊಸೆ. ಇದಕ್ಕಿಂತ ಏನು ಬೇಕು? ಕನ್ಸಲ್ಟೆಂಟೇ ಒಂದು ಮಾದರಿ ಪ್ರಬಂಧ ಬರೆಸಿಟ್ಟಿದ್ದಳು. ಅನಘಾ ನಿನ್ನ ಕೈ ಹಿಡಿದುಕೊಂಡಿದ್ದಳಂತೆ. ಕಿಟಕಿಯ ಹೊರಗೆ ಸಮುದ್ರ ಕಾಣುತ್ತಿತ್ತಂತೆ. ನೀನು ಕೊನೆಯ ಉಸಿರಿನಲ್ಲಿ, ಕನಸು ಕಾಣುವುದನ್ನು ಎಂದೂ ನಿಲ್ಲಿಸಬೇಡ ಮಗೂ, ಎಂದೆಯಂತೆ.

ನೀನು ಕೊನೆಗೆ ಏನು ಹೇಳಿದೆ ಎಂದು ನನಗೆ ಗೊತ್ತು, ಅಲ್ಲಿದ್ದವನು ನಾನೊಬ್ಬನೇ. ಆಸ್ಪತ್ರೆಯ ಊಟದ ಟ್ರೇ ನೋಡಿ, "ಇದು ಮೊಸರಾ ಮಾರಾಯ, ಸುಣ್ಣ ಕಲಸಿದ ಹಾಗುಂಟು" ಎಂದೆ. ಆಮೇಲೆ ಕಣ್ಣು ಮುಚ್ಚಿದೆ, ಆಮೇಲೆ... ಕಿಟಕಿಯ ಹೊರಗೆ ಪಾರ್ಕಿಂಗ್ ಇತ್ತು. ನಿನ್ನ ಬಾಯಲ್ಲಿ ಬಂದ ಕೊನೆಯ ಮಾತು ಮೊಸರಿನ ಮೇಲಿನ ದೂರು, ಅದು ಎಷ್ಟು ನಿನ್ನದೇ ಮಾತು. ಅದನ್ನು ಅಳಿಸಿ ಆ ಜಾಗದಲ್ಲಿ ಕ್ಯಾಲೆಂಡರಿನ ಕೆಳಗೆ ಬರೆಯುವಂಥ ಒಂದು ವಾಕ್ಯ ಕೂರಿಸಿದ್ದರು. ಸುಳ್ಳು ಹೇಳಬಾರದೆಂದು ಟ್ಯೂಷನ್ ಮಕ್ಕಳ ಪ್ರಯೋಗದ ಅಂಕಿಗಳನ್ನು ತಿದ್ದಲು ಬಿಡದವಳು ನೀನು. ನಿನ್ನನ್ನೇ ತಿದ್ದಿಬಿಟ್ಟಿದ್ದರು.

ನಾನು ಜೋರು ಮಾಡಿದೆ. ಎಷ್ಟು ಜೋರೆಂದರೆ ಕೆಳಗಿನ ಶವರ್ಮಾದವನು ಮೇಲೆ ಬಂದು ಬಾಗಿಲಲ್ಲಿ ನಿಂತ. ನನ್ನ ಅಕ್ಕನ ಹೆಣ ಮಾರಲು ನಿಮಗೆ ಯಾರು ಹೇಳಿದರು ಎಂದೆ. ಕನ್ಸಲ್ಟೆಂಟ್ ಬೆಂಗಳೂರಿನವಳು, ದನಿ ಏರಿಸಲಿಲ್ಲ. "ಸರ್, ನೀವು ಎಮೋಷನಲ್ ಆಗ್ತಿದೀರ. ರೂಲ್ಸ್ ನಾನು ಮಾಡಿಲ್ಲ. ನಿಮ್ಮ ಮಗಳ ಥರಾನೇ ಮಾರ್ಕ್ಸ್ ತಗೊಂಡಿರೋ ಗಲ್ಫ್ ಮಕ್ಕಳು ಎಷ್ಟು ಜನ ಇದಾರೆ ಗೊತ್ತಾ? ಅವರನ್ನೆಲ್ಲ ಬಿಟ್ಟು ಇವಳನ್ನೇ ಯಾಕೆ ತಗೋಬೇಕು, ಹೇಳಿ" ಎಂದಳು. ನನ್ನ ಅಕ್ಕ ಯಾವ ಕತೆಯನ್ನೂ ಮಾರದೆ ಹೋಗಿ ಓದಿದವಳು ಎಂದೆ. "ಆ ಅಮೆರಿಕ ಈಗ ಇಲ್ಲ ಸರ್" ಎಂದಳು. ನಿನ್ನ ಕಾಲೇಜಿನ ಹೆಸರು ಹೇಳಿದರೆ, ಅದಕ್ಕೆ ರ್‍ಯಾಂಕೇ ಇಲ್ಲ, ಎಷ್ಟೋ ವಿಭಾಗ ಮುಚ್ಚಿದ್ದಾರೆ, ಅಲ್ಲಿಗೆ ಹಾಕಿ ಟೈಮ್ ವೇಸ್ಟ್ ಮಾಡಬೇಡಿ ಎಂದಳು. ಸಿಟ್ಟಿನಲ್ಲಿ ಬಾಗಿಲು ದೂಡಿಕೊಂಡು ಬಂದೆ.

ಆ ವಾರವೇ ರೇಷ್ಮಾ ಫೋನು ಮಾಡಿದಳು. ನಿನ್ನ ಮೊದಮೊದಲ ಟ್ಯೂಷನ್ ಹುಡುಗಿ, ಎಲ್ಲದಕ್ಕೂ 'ಯಾಕೆ ಮೇಡಂ' ಎನ್ನುತ್ತ ನಿನ್ನ ತಲೆ ತಿನ್ನುತ್ತಿದ್ದವಳು. ಈಗ ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅನಘಾಗೆ ಬುದ್ಧಿ ಹೇಳಲು ಮಾಡಿದ್ದು. "ಅಂಕಲ್, ಅವಳ ಹತ್ರ ಹೇಳಿ, ಫೋನಲ್ಲಿ ಏನೇನು ಬರ್ದಿದ್ದಾಳೆ ಎಲ್ಲ ಡಿಲೀಟ್ ಮಾಡ್ಲಿಕ್ಕೆ. ವೀಸಾದವರು ನೋಡ್ತಾರೆ. ಇಲ್ಲಿ ನಾನು ಯಾವ ಮೀಟಿಂಗಿಗೂ ಹೋಗುದಿಲ್ಲ, ಯಾವುದಕ್ಕೂ ಲೈಕ್ ಒತ್ತುದಿಲ್ಲ. ಬಾಯಿ ಮುಚ್ಕೊಂಡು ಇದ್ರೆ ಸೇಫ್" ಎಂದಳು. ಕ್ಲಾಸಿನಲ್ಲಾದರೂ ಮಾತಾಡುತ್ತೀಯಾ ಎಂದು ಕೇಳಿದೆ. "ನೋಡಿಕೊಂಡು" ಎಂದಳು. ಅಕ್ಕ, ರೇಷ್ಮಾ ನೋಡಿಕೊಂಡು ಮಾತಾಡುತ್ತಾಳಂತೆ. ನೀನು ಬಾಯಿ ಬಿಡಲು ಕಲಿಸಿ ಕಳಿಸಿದ ಜಾಗದಲ್ಲಿ ಬಾಯಿ ಮುಚ್ಚಲು ಕಲಿಯುತ್ತಿದ್ದಾಳೆ. ಜಗತ್ತು ಬದಲಾಗುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಬದಲಾಗುವ ಹೊತ್ತಿನಲ್ಲಿ, ನಿಲ್ಲು, ಇದು ಸರಿಯಾ ಎಂದು ಕೇಳಲಿಕ್ಕೇ ಅಲ್ಲವೇ ಯೂನಿವರ್ಸಿಟಿ ಎಂಬುದೊಂದು ಇರುವುದು? ಅದೂ ಹೆದರಿ ಮೂಲೆಗೆ ಸೇರಿದರೆ ಇನ್ನು...

ಮನೆಯಲ್ಲಿ ನಾನೂ ಶೈಲನೂ ಮಾತು ಬಿಟ್ಟೆವು, ಮತ್ತೆ ಮಾತಾಡಿ ಜಗಳ ಮಾಡಿದೆವು. ಅಕ್ಕನ ಹೆಸರಲ್ಲಿ ಮಗುವಿಗೆ ಒಳ್ಳೆಯದಾಗುವುದಾದರೆ ಅಕ್ಕನೇ ಬೇಡ ಎನ್ನುತ್ತಿದ್ದರಾ ಎಂಬುದು ಅವಳ ವಾದ. ಅವಳೂ ನಿನಗಾಗಿ ಅತ್ತವಳೇ, ಅವಳನ್ನು ಬೈದು ಏನು ಪ್ರಯೋಜನ? ಸುಳ್ಳಿನ ಮೇಲೆ ಹೋಗುವುದಾದರೆ ಮಗಳು ಹೋಗುವುದೇ ಬೇಡ ಎಂದು ನಾನು. ಅನಘಾ ತನ್ನ ಕೋಣೆಯಿಂದ ಬಂದು ನಡುವೆ ನಿಂತಳು. "ನೀವಿಬ್ರೂ ಅತ್ತೆ ಬಗ್ಗೆ ಫೈಟ್ ಮಾಡ್ತಾ ಇದ್ದೀರಿ. ಅಲ್ಲಿಗೆ ಹೋಗುದು ನಾನು, ಸತ್ತದ್ದು ನನ್ನ ಅತ್ತೆ. ನನ್ನ ಹತ್ರ ಯಾರಾದ್ರೂ ಕೇಳಿದ್ರಾ?" ಎಂದಳು. ನಾವು ಕೇಳಿರಲಿಲ್ಲ. ಅವಳು ಆ ಮಾದರಿಯನ್ನು ಆಗಲೇ ತಿರಸ್ಕರಿಸಿ, ತಾನೇ ಒಂದು ಬರೆದಿದ್ದಳು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಲಿಲ್ಲ, ಪಕ್ಕಕ್ಕೆ ಬಂದು ಕೂತು ತೋರಿಸಿದಳು. ಇಂಗ್ಲಿಷಿನಲ್ಲಿತ್ತು, ನಿನಗಾಗಿ ನನ್ನ ಕನ್ನಡದಲ್ಲಿ ಹೇಳುತ್ತೇನೆ.

'ನನ್ನ ಅತ್ತೆ ತನ್ನ ವಿದ್ಯಾರ್ಥಿಗಳ ಎದುರು ಎಂದೂ ಕೂರುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದರು. ನೀವು ಹೇಳಿದ್ದು ತಪ್ಪು ಎಂದು ಅವರಿಗೆ ಹೇಳಬಹುದಿತ್ತು, ಕಾರಣ ಮಾತ್ರ ಕೊಡಬೇಕಿತ್ತು. ಸಾಯುವ ದಿನ ಬೆಳಿಗ್ಗೆ ನಾನು ಆಸ್ಪತ್ರೆಯಲ್ಲಿ ಅವರ ಜೊತೆ ಇರುತ್ತೇನೆ ಎಂದೆ. ನನಗೆ ಕೆಮಿಸ್ಟ್ರಿ ಪರೀಕ್ಷೆಯಿತ್ತು. ಅವರು ಹೋಗು ಎಂದರು. ನನ್ನ ಕಾರಣವನ್ನು ಕೇಳಲಿಲ್ಲ. ಅವರು ನನ್ನ ಎದುರು ಕೂತದ್ದು ಅದೊಂದೇ ಸಲ. ನಾನು ಹೋದೆ, ಬರೆದೆ, ಪೂರ್ತಿ ಮಾರ್ಕು ಬಂತು. ನಾನು ತಿರುಗಿ ಬರುವಷ್ಟರಲ್ಲಿ ಅವರಿರಲಿಲ್ಲ. ಅವರು ಮಾಡಿದ್ದು ತಪ್ಪು. ಇದರಿಂದ ನಾನು ಯಾವ ಪಾಠವನ್ನೂ ಕಲಿತಿಲ್ಲ, ನನಗೆ ಇನ್ನೂ ಸಿಟ್ಟಿದೆ. ಅತ್ತೆಗೆ ಕುರ್ಚಿ ಎಳೆದುಕೊಂಡು ಪಕ್ಕ ಕೂರಲು ಕಲಿಸಿದ್ದು ನಿಮ್ಮ ಕಾಲೇಜು. ನೀವು ಈಗಲೂ ಹಾಗೆ ಕೂರುತ್ತೀರಾ ಎಂದು ತಿಳಿಯಬೇಕಾಗಿದೆ.'

ಆ ಬೆಳಿಗ್ಗೆ ನನಗೂ ನೆನಪಿದೆ ಅಕ್ಕ. ದಿಂಬಿಗೆ ಒರಗಿಕೊಂಡು ನೀನು ಅವಳಿಗೆ, "ಎಂತ ನೋಡ್ತಾ ನಿಂತಿದ್ದಿ? ನನ್ನ ಮುಖದಲ್ಲಿ ಉತ್ತರ ಬರ್ದುಂಟಾ? ಹೋಗು, ಮುಗಿಸಿ ಬಾ" ಎಂದೆ. ನಾವು ನಕ್ಕೆವು. ಅವಳು ನಗಲಿಲ್ಲ. ನಿನ್ನ ಧೈರ್ಯ ಎಂದು ನಾನು ಊರಿಡೀ ಹೇಳಿಕೊಂಡು ತಿರುಗಿದ ಮಾತು ಅದು. ಅದರ ಕೆಳಗೆ ಈ ಹುಡುಗಿ ಒಂದು ವರ್ಷ ಒಬ್ಬಳೇ ಕೂತಿದ್ದಳೆಂದು ನಮಗೆ ಯಾರಿಗೆ ಗೊತ್ತಿತ್ತು?

ಹೂರಾದವಳಿಗೆ ಕಳಿಸಿದ್ದಕ್ಕೆ, ಇದರಲ್ಲಿ ಬೆಳವಣಿಗೆ ಇಲ್ಲ, ಕೃತಜ್ಞತೆ ಇಲ್ಲ, ಕಾಲೇಜನ್ನೇ ಪ್ರಶ್ನೆ ಕೇಳಿದ್ದೀರಿ, ಹಾಕಬೇಡಿ ಎಂದು ಉತ್ತರ ಬಂತು. ಅನಘಾ ಒಂದಕ್ಷರ ಬದಲಿಸದೆ ಒಂದೇ ಕಡೆಗೆ ಹಾಕಿದಳು, ನಿನ್ನ ಜೋಳದ ಹೊಲದ ಕಾಲೇಜಿಗೆ. ನಿನಗೆ ತಲುಪಿಸಬೇಕಾದ ಸುದ್ದಿ ಇದು. ಸೀಟು ಸಿಕ್ಕಿದೆ. ಅವಳ ಪ್ರಶ್ನೆಗೆ ಅವರೇನೂ ಉತ್ತರ ಬರೆದಿಲ್ಲ, ಎಲ್ಲರಿಗೂ ಕಳಿಸುವ ಅಭಿನಂದನೆಯಷ್ಟೇ ಬಂದಿದೆ. ಹೋಗಿಯೇ ನೋಡುತ್ತೇನೆ ಎನ್ನುತ್ತಾಳೆ. ಮುಂದಿನ ವಾರ ವೀಸಾ ಸಂದರ್ಶನ, ಸಿಗುತ್ತದೋ ಇಲ್ಲವೋ ಈಗ ಯಾರೂ ಹೇಳುವ ಹಾಗಿಲ್ಲ. ಬರೆದದ್ದನ್ನೆಲ್ಲ ಅಳಿಸುತ್ತೀಯಾ, ಅಲ್ಲಿ ಸುಮ್ಮನಿರುತ್ತೀಯಾ ಎಂದು ಶೈಲ ಹೆದರಿಕೊಂಡು ಕೇಳಿದಳು. ಅದಕ್ಕೆ ಅವಳು, "ನೀವು ತಪ್ಪು ಅಂತ ಅತ್ತೆಗೇ ಹೇಳಿ ಆಯ್ತಲ್ಲ ಅಮ್ಮ, ಇನ್ನು ಬಾಕಿಯವರಿಗೆ ಹೆದರುದಾ?" ಎಂದಳು.

ನನಗೆ ಹೆದರಿಕೆಯಿದೆ. ಆದರೂ ಒಂದು ಮಾತು ಕೊಡುತ್ತೇನೆ, ಬಾಯಿ ಮುಚ್ಚಿಕೊಂಡಿರು ಎಂದು ನಾನು ಅವಳಿಗೆ ಹೇಳುವುದಿಲ್ಲ. ಅವಳು ಬರೆದದ್ದನ್ನು ಈ ಮೇಜಿನ ಮೇಲಿಟ್ಟುಕೊಂಡು, ನಿನ್ನ ಪರವಾಗಿ ಏನಾದರೂ ಹೇಳಬಹುದೇ ಎಂದು ಬೆಳಗಿನಿಂದ ನೋಡುತ್ತಿದ್ದೇನೆ. ಎಲ್ಲಿಯೂ ಸಿಗುತ್ತಿಲ್ಲ. ಈ ಸಲವೂ ತಪ್ಪು ನಿನ್ನದೇ ಅಕ್ಕ.

ಆದರೂ ನಾಳೆಯೂ ಬಾ.

ನಿನ್ನ ತಮ್ಮ,
ಗಿರೀಶ